ಪಾಡ್‌ಕಾಸ್ಟ್: ಕಿಡ್ನಿ ಕೆಟ್ಟರೆ ಮೂಳೆ ಯಾಕೆ ಸವೆಯುತ್ತೆ? ವಿಟಮಿನ್ ಡಿ ಬೆನ್ನುಹತ್ತಿದ ಹೆಕ್ಟರ್ ಡಿಲೂಕ

ಮೂಳೆ ನೋವು ಅಂದ ಕೂಡಲೇ ನಮ್ಮ ಮನೆಗಳಲ್ಲಿ ಸಿಗೋ ಸಲಹೆ ಗೊತ್ತೇ ಇದೆ. ಹಾಲು ಕುಡಿ, ರಾಗಿ ತಿನ್ನು, ಕ್ಯಾಲ್ಸಿಯಂ ಮಾತ್ರೆ ತಗೋ. ತಪ್ಪೇನಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ತಟ್ಟೆಯಲ್ಲಿರೋ ಕ್ಯಾಲ್ಸಿಯಂ ಮೂಳೆ ಸೇರೋದು ಹೇಗೆ? ಈ ದಾರಿಯನ್ನು ಹುಡುಕಿದವರಲ್ಲಿ ಪ್ರಮುಖರು ಅಮೆರಿಕದ ಜೀವರಸಾಯನ ವಿಜ್ಞಾನಿ ಹೆಕ್ಟರ್ ಡಿಲೂಕ.

ಮೊದಲು ಒಂದು ಲೆಕ್ಕ. ದೇಹದ ಕ್ಯಾಲ್ಸಿಯಂನಲ್ಲಿ ಶೇ 99ರಷ್ಟು ಇರೋದು ಮೂಳೆ, ಹಲ್ಲುಗಳಲ್ಲಿ. ಉಳಿದ ಚೂರು ರಕ್ತ ಮತ್ತು ಜೀವಕೋಶಗಳಲ್ಲಿ. ಹೃದಯ ಬಡಿಯೋಕೆ, ಸ್ನಾಯು ಕೆಲಸ ಮಾಡೋಕೆ ಈ ಚೂರೇ ಬೇಕು. ಹಾಗಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ದೇಹ ಸುಮ್ಮನಿರಲ್ಲ. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನ್ ಬಿಡುತ್ತವೆ, ಮೂಳೆಯಿಂದ ಕ್ಯಾಲ್ಸಿಯಂ ಹೊರಬರುತ್ತೆ. ಅಂದರೆ ಮೂಳೆ ನಮ್ಮ ಠೇವಣಿ. ತುಂಬದೆ ತೆಗೀತಾನೇ ಇದ್ದರೆ ಒಂದು ದಿನ ಖಾಲಿ.

ತುಂಬೋಕೆ ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಬೇಕು. ಅದಕ್ಕೆ ವಿಟಮಿನ್ ಡಿ ಬೇಕು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್, ಆಹಾರಕ್ಕೆ ನೇರಳಾತೀತ ಕಿರಣ ತಾಗಿಸಿದರೆ ಅದಕ್ಕೆ ರಿಕೆಟ್ಸ್ ತಡೆಯೋ ಶಕ್ತಿ ಬರುತ್ತೆ ಅಂತ 1924ರಲ್ಲೇ ತೋರಿಸಿದ್ದರು. ಡಿಲೂಕ ಇವರ ಶಿಷ್ಯ. ಅವರು ಕೇಳಿದ ಪ್ರಶ್ನೆ ಸರಳ: ದೇಹದೊಳಗೆ ಹೋದ ಮೇಲೆ ವಿಟಮಿನ್ ಡಿ ಏನಾಗುತ್ತೆ?

ಉತ್ತರ ಅಚ್ಚರಿಯದು. ನಾವು ತಿನ್ನೋ, ಬಿಸಿಲಿಂದ ಪಡೆಯೋ ವಿಟಮಿನ್ ಡಿ ಹಾಗೇ ಕೆಲಸ ಮಾಡಲ್ಲ. ಮೊದಲು ಲಿವರ್‌ನಲ್ಲಿ ಬದಲಾಗುತ್ತೆ. ಆ ರೂಪವನ್ನು ಡಿಲೂಕ ತಂಡ 1968ರಲ್ಲಿ ಗುರುತಿಸಿತು. ಇವತ್ತು ಲ್ಯಾಬ್‌ನಲ್ಲಿ ವಿಟಮಿನ್ ಡಿ ಟೆಸ್ಟ್ ಮಾಡಿಸಿದರೆ ಸಾಮಾನ್ಯವಾಗಿ ಅಳೆಯೋದು ಅದನ್ನೇ. ಎರಡನೇ ಬದಲಾವಣೆ ಕಿಡ್ನಿಯಲ್ಲಿ ಅಂತ ಇಂಗ್ಲೆಂಡಿನ ಫ್ರೇಸರ್ ಮತ್ತು ಕೋಡಿಸೆಕ್ 1970ರಲ್ಲಿ ತೋರಿಸಿದರು. ಅಲ್ಲಿ ತಯಾರಾಗುವ ಸಕ್ರಿಯ ರೂಪದ ರಚನೆಯನ್ನು 1971ರಲ್ಲಿ ಬಿಡಿಸಿದವರಲ್ಲಿ ಡಿಲೂಕ ತಂಡವೂ ಒಂದು. ಅದೇ ಕ್ಯಾಲ್ಸಿಟ್ರಿಯಾಲ್. ಹೆಸರಿಗೆ ವಿಟಮಿನ್, ಕೆಲಸ ಹಾರ್ಮೋನಿನದು.

ಈಗ ಕಿಡ್ನಿ ರೋಗಿಗಳ ಕಷ್ಟ ಅರ್ಥವಾಗುತ್ತೆ ನೋಡಿ. ಕಿಡ್ನಿ ಸೋತರೆ ಕೊನೆಯ ಹಂತವೇ ನಿಂತುಹೋಗುತ್ತೆ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೂ ಕರುಳು ಸರಿಯಾಗಿ ಹೀರಲ್ಲ. ರಕ್ತದಲ್ಲಿ ಫಾಸ್ಫರಸ್ ಕೂಡ ಏರುತ್ತೆ. ಪ್ಯಾರಾಥೈರಾಯ್ಡ್ ಬಿಡದೆ ಮೂಳೆಯನ್ನು ಕರಗಿಸುತ್ತೆ. ಕಾರಣ ಗೊತ್ತಾದ ಮೇಲೆ ಮದ್ದೂ ಬಂತು. ಡಯಾಲಿಸಿಸ್ ರೋಗಿಗಳಿಗಾಗಿ 1978ರಲ್ಲಿ ಅಮೆರಿಕ ಕ್ಯಾಲ್ಸಿಟ್ರಿಯಾಲ್‌ಗೆ ಒಪ್ಪಿಗೆ ಕೊಟ್ಟಿತು.

ಕೊನೆಗೊಂದು ಮಾತು. ನೆರೆಮನೆಯವರಿಗೆ ಬರೆದುಕೊಟ್ಟ ಮಾತ್ರೆ, ಇಂಜೆಕ್ಷನ್ ನಿಮಗೂ ಆಗುತ್ತೆ ಅಂದುಕೊಳ್ಳಬೇಡಿ. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಪೆಟ್ಟು ಬೀಳಬಹುದು. ರಾಗಿ ಮುದ್ದೆಗೆ ಚೀಟಿ ಬೇಡ, ಮಾತ್ರೆಗೆ ಮಾತ್ರ ವೈದ್ಯರನ್ನು ಕೇಳಿ.