ಚೈತ್ರದ ಅಂಗಳ: ಹೂವೂ ಕೌದಿಯೂ

(ವಾರ್ಷಿಕ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ವಾರ್ಷಿಕ ಪರೀಕ್ಷೆಗಳು ಸಮೀಪಿಸಿವೆ. ಅವು ಮುಗಿದೊಡನೆ ಬೇಸಿಗೆಯ ಸೂಟಿ. ಇಂಥ ಸಮಯದಲ್ಲಿ ಮುಖ್ಯಾಧ್ಯಾಪಕನಾದವನು ಅಭ್ಯಾಸ, ಅಂಕ, ಶಿಸ್ತು ಇವುಗಳ ವಿಷಯವಾಗಿ ನಾಲ್ಕು ಮಾತು ಹೇಳುವುದು ವಾಡಿಕೆ. ಆ ಮಾತುಗಳನ್ನು ತರಗತಿಗಳಲ್ಲಿ ನಮ್ಮ ಶಿಕ್ಷಕರು ದಿನವೂ ಹೇಳುತ್ತಿದ್ದಾರೆ. ಆದುದರಿಂದ ನಾನು ಇಂದು ಮನೆಯ ಅಂಗಳದಲ್ಲಿ ಅರಳುವ ಹೂವು ಮತ್ತು ಅದೇ ಅಂಗಳದಲ್ಲಿ ಹಾಸಿ ಹೊಲಿಯುವ ಕೌದಿ, ಈ ಎರಡರ ವಿಷಯವಾಗಿ ಮಾತನಾಡಲು ಅಪ್ಪಣೆ ಬೇಡುತ್ತೇನೆ.

ಇದಕ್ಕೆ ಕಾರಣವುಂಟು. ನಮ್ಮ ಶಾಲೆಗೆ ಬರುವ ತಾಯಂದಿರಲ್ಲಿ ಅನೇಕರು, "ನಾವು ಸಾಲಿ ಕಲ್ತವರಲ್ರೀ ಸರ, ಮಕ್ಕಳಿಗೆ ಏನ್ ಹೇಳಿಕೊಡೋಣ್ರಿ?" ಎಂದು ಸಂಕೋಚದಿಂದ ಕೇಳುವುದುಂಟು. ಈ ಪ್ರಶ್ನೆಗೆ ನನ್ನ ಉತ್ತರವನ್ನು ಎಲ್ಲರೆದುರಿಗೆ ಹೇಳಬೇಕೆಂದು ಬಹು ದಿನಗಳಿಂದ ಮನಸ್ಸಿನಲ್ಲಿದೆ. ಅಕ್ಷರ ಬಾರದ ತಾಯಿಯ ಕೈಯಲ್ಲಿಯೂ ವಿದ್ಯೆ ಇದೆ. ಅದನ್ನು ಮಕ್ಕಳಿಗೆ ದಾಟಿಸಲು ಚೈತ್ರ ವೈಶಾಖಗಳಿಗಿಂತ ಒಳ್ಳೆಯ ಕಾಲವಿಲ್ಲ ಎಂಬುದೇ ಆ ಉತ್ತರ.

ವಸಂತವೆಂದರೆ ಪುಸ್ತಕಗಳಲ್ಲಿ ಹಸಿರು ವನ, ಕೋಗಿಲೆ, ತಂಪಾದ ಗಾಳಿ. ನಮ್ಮ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ವಸಂತ ಹಾಗಲ್ಲ. ಹಿಂಗಾರಿ ಜೋಳ ಕೊಯ್ದು, ರಾಶಿ ಮಾಡಿ, ಕಣಿಕೆಯ ಬಣವೆ ಒಟ್ಟಿಯಾಗಿದೆ. ಕರಿಯ ಹೊಲ ಬಾಯಿಬಿಟ್ಟಿದೆ. ಬಾವಿಯ ನೀರು ತಳ ಕಂಡಿದೆ. ಇಂಥ ಬಿಸಿಲಿನಲ್ಲಿಯೇ ಬೇವಿನ ಮರ ಹೊಸ ಎಲೆ ತಳೆದು ಸಣ್ಣ ಸಣ್ಣ ಬಿಳಿಯ ಹೂವುಗಳಿಂದ ತುಂಬುತ್ತದೆ. ಆ ಹೂವನ್ನೇ ಯುಗಾದಿಯ ದಿನ ಬೆಲ್ಲದೊಡನೆ ತಿನ್ನುತ್ತೇವೆ. ಅದಕ್ಕೆ ಸ್ವಲ್ಪ ಮುಂಚೆ ಮುತ್ತುಗದ ಮರ ಎಲೆಗಳನ್ನೆಲ್ಲ ಉದುರಿಸಿ ಕೆಂಡದ ಬಣ್ಣದ ಹೂ ಬಿಟ್ಟಿರುತ್ತದೆ. ಆ ಹೂವನ್ನು ನೀರಿನಲ್ಲಿ ಕುದಿಸಿ ಓಕುಳಿಯ ಬಣ್ಣ ತೆಗೆಯುತ್ತಿದ್ದರು. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಎಂದೇ ಹೆಸರು. ಅಂದು ದೇವರಿಗೆ ದವನ ಏರಿಸುತ್ತಾರೆ. ಬರದ ಸೀಮೆಯವರೆಂದು ಹೆಸರಾದ ನಮಗೂ ವಸಂತವು ಪಾಲು ಕೊಡದೆ ಹೋಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನೆನೆಯಬೇಕು. ನಮ್ಮ ಭಾಗದ ಎಷ್ಟೋ ಕುಟುಂಬಗಳು ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಸಕ್ಕರೆ ಕಾರಖಾನೆಗಳ ಕಡೆಗೆ ಹೋಗುತ್ತವೆ. ಹಂಗಾಮು ಮುಗಿದು ಅವರು ಮನೆಗೆ ಮರಳುವುದು ಯುಗಾದಿಯ ಆಸುಪಾಸಿನಲ್ಲಿ. ಹೋಗುವಾಗ ಗಾಡಿಯಲ್ಲಿ ಹಿಟ್ಟಿನ ಚೀಲದೊಡನೆ ಕೌದಿಯ ಗಂಟೂ ಹೋಗುತ್ತದೆ. ಕಬ್ಬಿನ ಸೋಗೆಯ ಗುಡಿಸಿಲಿನಲ್ಲಿ ಪುಷ್ಯ ಮಾಘದ ಚಳಿಯಲ್ಲಿ ಮಕ್ಕಳನ್ನು ಬೆಚ್ಚಗಿಡುವುದು ಅದೇ ಕೌದಿ. ಹೀಗೆ ಆರು ತಿಂಗಳು ಹೊರಗಿದ್ದು ಬಂದ ಮನೆಯವರಿಗೆ ವಸಂತವೆಂದರೆ ತಮ್ಮ ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳುವ ಕಾಲ. ಆ ಎರಡು ತಿಂಗಳುಗಳು ವ್ಯರ್ಥವಾಗಬಾರದು.

ಮೊದಲು ಹೂವಿನ ವಿಷಯ ಹೇಳುವೆ. ಬಚ್ಚಲ ನೀರು ಹರಿಯುವ ಕಡೆ ಒಂದು ದುಂಡುಮಲ್ಲಿಗೆಯ ಕಂಟಿ ಇಲ್ಲದ ಮನೆ ನಮ್ಮ ಹಳ್ಳಿಗಳಲ್ಲಿ ವಿರಳ. ಅದನ್ನು ಬೆಳೆಸಿದ ಅಜ್ಜಿ ಸಸ್ಯಶಾಸ್ತ್ರ ಓದಿದವಳಲ್ಲ. ಆದರೆ ಚಳಿಗಾಲದಲ್ಲಿ ಕಂಟಿಯನ್ನು ಕತ್ತರಿಸಿ, ಕೆಲವು ದಿನ ನೀರು ಕಡಿಮೆ ಮಾಡಿ, ಆಮೇಲೆ ಬುಡ ಕೆದರಿ ತಿಪ್ಪೆಗೊಬ್ಬರ ಹಾಕಿ ನೀರು ಬಿಟ್ಟರೆ ಚೈತ್ರದಲ್ಲಿ ಮೊಗ್ಗು ತುಂಬುತ್ತದೆಂದು ಅವಳು ಬಲ್ಲಳು. ಮಲ್ಲಿಗೆಯ ಹೂವು ಹೊಸ ಚಿಗುರಿನ ತುದಿಯಲ್ಲಿ ಬರುತ್ತದೆ. ಕತ್ತರಿಸಿದರೆ ಚಿಗುರು ಹೆಚ್ಚು. ಚಿಗುರು ಹೆಚ್ಚಾದರೆ ಹೂವೂ ಹೆಚ್ಚು. ಅವಳ ಪದ್ಧತಿಗೆ ಇರುವ ಶಾಸ್ತ್ರ ಇದೇ.

ಮೊಗ್ಗುಗಳನ್ನು ಮಧ್ಯಾಹ್ನ ಇಳಿದ ಮೇಲೆ ಬಿಡಿಸುತ್ತಾರೆ; ಕತ್ತಲಾದಾಗ ಅವು ಬಿರಿಯುತ್ತವೆ. ಹೀಗೇಕೆಂದು ವಿದ್ಯಾರ್ಥಿಗಳು ಕೇಳಬೇಕು. ರಾತ್ರಿ ಅರಳುವ ಹೂವುಗಳಲ್ಲಿ ಹೆಚ್ಚಿನವು ಬಿಳಿಯ ಬಣ್ಣದವು, ಗಾಢ ಪರಿಮಳದವು. ಕತ್ತಲೆಯಲ್ಲಿ ಹಾರುವ ಪತಂಗಗಳನ್ನು ಕರೆಯಲು ಬಣ್ಣಕ್ಕಿಂತ ಪರಿಮಳವೇ ಹೆಚ್ಚು ಉಪಯೋಗಿ. ನಮ್ಮ ಮನೆಗಳ ದುಂಡುಮಲ್ಲಿಗೆಯಲ್ಲಿ ಇನ್ನೊಂದು ವಿಶೇಷವಿದೆ. ಎಸಳಿನ ಮೇಲೆ ಎಸಳು ಬರುವ ಈ ಜಾತಿಯು ಬೀಜ ಕಟ್ಟುವುದು ಬಹಳ ಅಪರೂಪ. ಟೊಂಗೆಯನ್ನು ಮಣ್ಣಿಗೆ ಬಗ್ಗಿಸಿ ಬೇರು ಬರಿಸಬೇಕು, ಇಲ್ಲವೆ ಕಡ್ಡಿ ಕತ್ತರಿಸಿ ನೆಡಬೇಕು. ಅಂದರೆ ಒಂದು ಮನೆಯವರು ಕೈಯೆತ್ತಿ ಕೊಟ್ಟರೆ ಮಾತ್ರ ಇನ್ನೊಂದು ಮನೆಯ ಅಂಗಳಕ್ಕೆ ಅದು ಹೋದೀತು. ನಿಮ್ಮ ಮನೆಯ ಮಲ್ಲಿಗೆಯು ಯಾವುದೋ ತವರಿನಿಂದ, ಯಾವುದೋ ನೆರೆಮನೆಯಿಂದ ಹೀಗೆ ಬಂದದ್ದೇ.

ಇನ್ನು ಕೌದಿ. ರಾಶಿಯ ಕೆಲಸ ಮುಗಿದು ಹೆಂಗಸರ ಕೈಗೆ ತುಸು ಬಿಡುವು ಸಿಗುವ ಕಾಲ ಇದು. ಒಗೆದ ಅರಿವೆ ಒಂದೇ ಬಿಸಿಲಿಗೆ ಗರಿಗರಿಯಾಗಿ ಒಣಗುತ್ತದೆ. ಮೃಗಶಿರಾ ಮಳೆ ಬಿದ್ದರೆ ಮತ್ತೆ ಹೊಲದ ಕೆಲಸ. ಅಷ್ಟರೊಳಗೆ ಕೌದಿ ಮುಗಿಯಬೇಕು. ಬೇವಿನ ನೆರಳಿನಲ್ಲಿ ನೆಲ ಬಳಿದು ಹಳೆಯ ಪತ್ತಲವನ್ನು ಹಾಸುತ್ತಾರೆ. ಅದರ ಮೇಲೆ ಹರಿದ ಧೋತರ, ಅಂಗಿ, ಕುಪ್ಪಸದ ತುಂಡುಗಳನ್ನು ತಗ್ಗು ಉಬ್ಬು ಬಾರದಂತೆ ಹರವುತ್ತಾರೆ. ಮೇಲೊಂದು ಮಗ್ಗಲು ಕೂಡಿಸಿ, ಅರಿವೆ ಸರಿಯದಂತೆ ಅಲ್ಲಲ್ಲಿ ಉದ್ದ ಹೊಲಿಗೆ ಹಾಕುತ್ತಾರೆ. ಬಳಿಕ ಇಬ್ಬರು ಮೂವರು ಎದುರುಬದುರು ಕುಳಿತು ಅಂಚಿನಿಂದ ಪ್ರಾರಂಭಿಸಿ ಸುತ್ತ ಹೊಲಿಯುತ್ತ ಒಳಗೆ ಬರುತ್ತಾರೆ. ಕೆಲವು ಮನೆಗಳಲ್ಲಿ ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಅದರೊಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಡುವುದುಂಟು. ಹೊದೆಯುವವರ ಹೊಟ್ಟೆ ಹಸಿಯಬಾರದಾದರೆ ಕೌದಿಯ ಹೊಟ್ಟೆಯೂ ತುಂಬಿರಬೇಕೆಂಬುದು ಅವರ ಭಾವನೆ.

ಇದರಲ್ಲಿ ಗಣಿತವೆಲ್ಲಿದೆ ಎಂದು ಏಳನೆಯ ತರಗತಿಯ ಹುಡುಗರು ಕೇಳಬಹುದು. ಲೆಕ್ಕ ಮಾಡೋಣ. ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಒಂದು ಕೌದಿ. ಅಂದರೆ 72 ಅಂಗುಲ ಉದ್ದ, 54 ಅಂಗುಲ ಅಗಲ. ಕ್ಷೇತ್ರಫಲ 3,888 ಚದರ ಅಂಗುಲ. ಹೊಲಿಗೆಯ ಸಾಲುಗಳ ನಡುವೆ ಅರ್ಧ ಅಂಗುಲ ಅಂತರವಿದ್ದರೆ ಸಾಲುಗಳ ಒಟ್ಟು ಉದ್ದ 7,776 ಅಂಗುಲ, ಅಂದರೆ 648 ಅಡಿ. ಒಂದೊಂದು ಹೊಲಿಗೆಗೆ ಅರ್ಧ ಅಂಗುಲ ಹಿಡಿದರೆ 15,552 ಹೊಲಿಗೆಗಳು! ನೀವು ಕಾಲು ಚಾಚಿ ಮಲಗುವ ಕೌದಿಯಲ್ಲಿ ನಿಮ್ಮ ತಾಯಿಯೋ ಅಜ್ಜಿಯೋ ಇಷ್ಟು ಸಲ ಸೂಜಿ ಚುಚ್ಚಿ ತೆಗೆದಿದ್ದಾಳೆ. ಈ ಲೆಕ್ಕವನ್ನು ಮಾಡಿದ ಮಗು ಆ ಕೌದಿಯನ್ನು ಕಾಲಿನಿಂದ ಒದ್ದು ಮೂಲೆಗೆ ತಳ್ಳಲಾರದೆಂದು ನನ್ನ ನಂಬಿಕೆ.

ವಿಜ್ಞಾನವೂ ಇದೆ. ಒಂದು ದಪ್ಪ ಅರಿವೆಗಿಂತ ಹಲವು ತೆಳುವಾದ ಅರಿವೆಗಳು ಹೆಚ್ಚು ಬೆಚ್ಚಗಿಡುತ್ತವೆ, ಏಕೆಂದರೆ ಪದರಗಳ ನಡುವೆ ಗಾಳಿ ನಿಲ್ಲುತ್ತದೆ. ಅಲುಗಾಡದೆ ನಿಂತ ಗಾಳಿಯು ಶಾಖವನ್ನು ಸುಲಭವಾಗಿ ಹೊರಗೆ ಬಿಡದು. ಒತ್ತಾದ ಹೊಲಿಗೆಯು ಒಳಗಿನ ತುಂಡುಗಳು ಒಂದೆಡೆ ಮುದ್ದೆಯಾಗದಂತೆ ಹಿಡಿದಿಡುತ್ತದೆ. ನೂರಾರು ಸಲ ಒಗೆದು ಮೆತ್ತಗಾದ ಹತ್ತಿಯ ಅರಿವೆಯಲ್ಲಿ ಸೂಜಿ ಸರಾಗವಾಗಿ ಹೋಗುತ್ತದೆ. ಎಳೆಗೂಸಿನ ಮೈಗೂ ಅದು ಒರಟೆನಿಸದು.

ಇತಿಹಾಸವನ್ನೂ ಅದರಲ್ಲಿ ಓದಬಹುದು. ಸೊಲ್ಲಾಪುರದಲ್ಲಿ 1877ರಲ್ಲಿ ಹತ್ತಿಯ ಗಿರಣಿ ಆರಂಭವಾದ ಮೇಲೆ ಗಿರಣಿಯ ಅರಿವೆಯೂ ನೂಲೂ ನಮ್ಮ ಹಳ್ಳಿಗಳಿಗೆ ಬಂದವು. ಇಳಕಲ್ಲಿನ ಮಗ್ಗದ ಸೀರೆ, ಗುಳೇದಗುಡ್ಡದ ಖಣ, ಅಜ್ಜನ ರುಮಾಲು ಎಲ್ಲವೂ ಒಂದೇ ಕೌದಿಯಲ್ಲಿ ಪಕ್ಕಪಕ್ಕದಲ್ಲಿ ಇರುತ್ತವೆ. ಈ ತುಂಡು ಯಾರದೆಂದು ಅಜ್ಜಿಯನ್ನು ಕೇಳಿರಿ. ನೀವು ಕಾಣದ ಮುತ್ತಜ್ಜನ ಹೆಸರು, ಅತ್ತೆಯ ಮದುವೆ, ಬರದ ವರ್ಷದ ಕಷ್ಟ ಒಂದೊಂದಾಗಿ ಹೊರಬರುತ್ತವೆ. ಹಳೆಯ ಭಾವಚಿತ್ರಗಳಿಲ್ಲದ ಬಡವರ ಮನೆಗೆ ಕೌದಿಯೇ ವಂಶದ ದಾಖಲೆ.

ಇಲ್ಲಿ ಭಾಷೆಯ ಮಾತು ಬರುತ್ತದೆ. ತೇಪೆ, ಮಡಿಕೆ, ಅಂಚು, ಸೆರಗು, ಎಳೆ, ಚಿಂದಿ, ಮಗ್ಗಲು: ಈ ಶಬ್ದಗಳು ಅಂಗಳದಲ್ಲಿ ಕೆಲಸ ನಡೆಯುತ್ತಿರುವಷ್ಟು ಕಾಲ ಮಕ್ಕಳ ಕಿವಿಗೆ ತಾವಾಗಿ ಬೀಳುತ್ತವೆ. ಕೆಲಸ ನಿಂತರೆ ಶಬ್ದವೂ ನಿಲ್ಲುತ್ತದೆ. ಆಮೇಲೆ ಅದನ್ನು ಕೋಶದಲ್ಲಿ ಹುಡುಕಬೇಕು. ನಾವು ಶಾಲೆಯಲ್ಲಿ ಎಷ್ಟೇ ಕನ್ನಡ ಕಲಿಸಿದರೂ ಅದಕ್ಕೆ ಬೇರು ಮನೆಯಲ್ಲಿರಬೇಕು. ಗಡಿಯ ಈಚೆ ಇರುವ ನಮಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಹಾಗೆಂದು ಕೌದಿಯು ನಮ್ಮೊಬ್ಬರ ಸ್ವತ್ತೆಂದು ಹೆಮ್ಮೆ ಪಡಬೇಕಾಗಿಲ್ಲ. ನೆರೆಯ ಮರಾಠಿ ಮನೆಗಳಲ್ಲಿ ಅದು ಗೋಧಡಿ, ತೆಲುಗರಲ್ಲಿ ಬೊಂತ, ಬಂಗಾಲದಲ್ಲಿ ಕಾಂಥಾ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಜನರಿದ್ದಾರೆ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ನಾಲ್ಕು ಮೂಲೆಗಳಲ್ಲಿಯೂ ತ್ರಿಕೋನವಾಗಿ ಮಡಿಸಿದ ಬಣ್ಣದ ತುಂಡುಗಳಿರುತ್ತವೆ. ಅವಕ್ಕೆ 'ಫೂಲ್', ಅಂದರೆ ಹೂವು ಎಂದು ಹೆಸರು. ಆ ಹೂವುಗಳನ್ನು ಇಡದ ಕೌದಿ ಅವರ ದೃಷ್ಟಿಯಲ್ಲಿ ಅಪೂರ್ಣ. ಹೊದೆಯಲು ಅರಿವೆ ಸಾಲದ ಬಡತನದಲ್ಲಿಯೂ ಮೂಲೆಗೊಂದು ಹೂವು ಬೇಕೆಂದು ಬಯಸಿದ ಆ ತಾಯಂದಿರ ಮನಸ್ಸನ್ನು ನಾವು ಗೌರವಿಸಬೇಕು.

ಈಗ ಪೇಟೆಯಲ್ಲಿ ಹಗುರಾದ, ಮೆತ್ತಗಿನ ಹೊದಿಕೆಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ದುಡಿದು ದಣಿದ ತಾಯಿಗೆ ಅದರಿಂದ ಶ್ರಮ ಉಳಿಯುತ್ತದೆ. ಉಡುವ ಅರಿವೆಯೂ ಬದಲಾಗಿದೆ. ನೈಲಾನು, ಪಾಲಿಯೆಸ್ಟರುಗಳು ಬೆವರನ್ನು ಹೀರವು. ಅವುಗಳ ಕೌದಿ ಹತ್ತಿಯ ಕೌದಿಯಷ್ಟು ಹಿತವಾಗದು. ಹೀಗಾಗಿ ಎಷ್ಟೋ ಮನೆಗಳಲ್ಲಿ ಕೌದಿ ಬಲ್ಲವಳು ಅಜ್ಜಿಯೊಬ್ಬಳೇ ಉಳಿದಿದ್ದಾಳೆ. ಅವಳ ಕಣ್ಣು ಮಂಜಾಗಿದೆ. ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕರೆಯುತ್ತಾಳೆ. ಆ ಕರೆಗೆ ಓಗೊಡುವವರಿಲ್ಲದಿದ್ದರೆ ಅವಳ ವಿದ್ಯೆ ಅವಳೊಡನೆಯೇ ಮುಗಿಯುತ್ತದೆ. ಬೀಜ ಕಟ್ಟದ ಮಲ್ಲಿಗೆಯಂತೆ ಇದೂ ಕೈಯಿಂದ ಕೈಗೆ ಕೊಟ್ಟರೆ ಮಾತ್ರ ಉಳಿಯತಕ್ಕದ್ದು.

ಇದನ್ನು ಕೇಳಿ ಹುಡುಗರು, "ಇದು ಹುಡುಗಿಯರ ಕೆಲಸ" ಎಂದು ತಮ್ಮಷ್ಟಕ್ಕೆ ನಗಬಾರದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಹೂವಿನ ಕಾಯಕದ ಹೂಗಾರ ಮಾದಯ್ಯನವರಿದ್ದರು. ಸೂಜಿಯೂ ಹೂವೂ ಅವರಿಗೆ ಕಾಯಕವಾಗಿದ್ದವು. ಇನ್ನು ಪಾಲಕರಲ್ಲಿ ನನ್ನ ಪ್ರಾರ್ಥನೆ: ಕೌದಿಯ ನೆಪದಿಂದ ಹೆಣ್ಣುಮಕ್ಕಳ ಓದನ್ನು ಬಿಡಿಸಬೇಡಿರಿ. ಅಣ್ಣತಂಗಿಯರಿಬ್ಬರೂ ಓದಲಿ, ಇಬ್ಬರೂ ಸೂಜಿ ಹಿಡಿಯಲಿ.

ವಿದ್ಯಾರ್ಥಿಗಳೇ, ಈ ಸೂಟಿಗಾಗಿ ನಿಮಗೆ ಮೂರು ಸಣ್ಣ ಕೆಲಸಗಳನ್ನು ಒಪ್ಪಿಸುತ್ತೇನೆ. ಇವುಗಳಿಗೆ ಅಂಕಗಳಿಲ್ಲ. ಮೊದಲನೆಯದಾಗಿ, ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಕೌದಿ ಹೊಲಿಯುವವರ ಹತ್ತಿರ ಕುಳಿತು ಒಂದು ಸಾಲನ್ನಾದರೂ ಸ್ವತಃ ಹೊಲಿಯಿರಿ. ಸಾಲು ಸೊಟ್ಟಗಾದರೆ ಚಿಂತೆಯಿಲ್ಲ. ಎರಡನೆಯದಾಗಿ, ಆ ಸಮಯದಲ್ಲಿ ಕಿವಿಗೆ ಬಿದ್ದ ಶಬ್ದಗಳನ್ನು, ಒಂದೊಂದು ತುಂಡಿನ ಕಥೆಯನ್ನು ವಹಿಯಲ್ಲಿ ಬರೆದುಕೊಳ್ಳಿರಿ. ಮೂರನೆಯದಾಗಿ, ಮಲ್ಲಿಗೆಯ ಒಂದು ಟೊಂಗೆಯನ್ನು ಮಣ್ಣಿಗೆ ಬಗ್ಗಿಸಿ, ಮೇಲೊಂದು ಕಲ್ಲು ಹೇರಿ, ದಿನವೂ ಚೂರು ನೀರು ಹಾಕಿರಿ. ಮಳೆ ಹಿಡಿದು ಬೇರು ಬಂದ ಮೇಲೆ ಅದನ್ನು ಶಾಲೆಗೆ ತನ್ನಿರಿ; ಬಾವಿಯ ಪಕ್ಕದ ಬಯಲಿನಲ್ಲಿ ನೆಡೋಣ. ವಹಿಗಳನ್ನು ನಾನೇ ಓದುತ್ತೇನೆ.

ತಾಯಂದಿರೇ, ಮಕ್ಕಳು ಸೂಜಿ ಹಿಡಿದು ಹತ್ತಿರ ಬಂದಾಗ, ದಾರ ಗಂಟಾಗುವುದೆಂದು ಅವರನ್ನು ಅಟ್ಟಬೇಡಿರಿ. ನಿಮ್ಮ ಅಂಗಳದ ಪಾಠಕ್ಕೆ ಈ ಎರಡು ತಿಂಗಳು ನೀವೇ ಗುರುಗಳು. ಯುಗಾದಿಯು ನಿಮ್ಮೆಲ್ಲರ ಮನೆಗೆ ಮಳೆಯ ಆಸೆಯನ್ನೂ ಹೂವಿನ ಸುಗ್ಗಿಯನ್ನೂ ತರಲೆಂದು ಹಾರೈಸುತ್ತೇನೆ.