ಗೋವಿನ ಧಮನಿ, ಮನುಷ್ಯನ ತೋಳು



ಮೂತ್ರಪಿಂಡಗಳು ಸೋತವನ ರಕ್ತವನ್ನು ಯಂತ್ರದಿಂದ ಶೋಧಿಸಬಹುದೆಂಬುದನ್ನು, ಮಹಾಯುದ್ಧದ ನಡುವೆ 1943ರಲ್ಲಿ, ನೆದರ್ಲೆಂಡ್ಸಿನ ಕಾಂಪೆನ್ ಪಟ್ಟಣದ ವೈದ್ಯನಾದ ವಿಲ್ಲೆಮ್ ಕೋಲ್ಫನು ತೋರಿಸಿಕೊಟ್ಟನು; ಆದರೆ ಯಂತ್ರವು ಸಿದ್ಧವಾದ ಮಾತ್ರಕ್ಕೆ ಕಷ್ಟವು ನೀಗಲಿಲ್ಲ. ರಕ್ತವನ್ನು ಹೊರತಂದು ಮರಳಿ ಸೇರಿಸಲು ಪ್ರತಿಸಾರಿಯೂ ಹೊಸದಾಗಿ ನಾಳವನ್ನು ಕೊಯ್ಯಬೇಕಾಗುತ್ತಿದ್ದುದರಿಂದ, ಕೆಲಕಾಲದಲ್ಲಿಯೇ ನಾಳಗಳು ಮುಗಿದು, ಯಂತ್ರವು ಪಕ್ಕದಲ್ಲಿದ್ದರೂ ರೋಗಿಯು ನಿರುಪಾಯನಾಗುತ್ತಿದ್ದನು. ಡಯಾಲಿಸಿಸ್ ಎಂಬ ಈ ಶೋಧನೆಯ ಮುಂದಿನ ಇತಿಹಾಸವು ಬಹುಮಟ್ಟಿಗೆ ರಕ್ತವು ಹೊರಬಂದು ಮರಳುವ ದ್ವಾರವನ್ನು ಅರಸಿದ ಇತಿಹಾಸವೇ ಸರಿ.

1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರನು ಮುಂದೋಳಿನ ಧಮನಿಗೂ ಸಿರೆಗೂ ಟೆಫ್ಲಾನ್ ಕೊಳವೆಯನ್ನು ಜೋಡಿಸಿ, ಅದನ್ನು ಚರ್ಮದ ಹೊರಗೆ ಉಳಿಸಿದನು. ಸೋಂಕು, ಹೆಪ್ಪು ಇವೆರಡೂ ಅದನ್ನು ಕಾಡಿದವು. 1966ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿದ್ದ ಬ್ರೆಶ್ಯಾ, ಸಿಮಿನೋ ಮತ್ತು ಅವರ ಸಂಗಡಿಗರು, ಮಣಿಕಟ್ಟಿನ ಬಳಿ ರೋಗಿಯ ಸ್ವಂತ ಧಮನಿಯನ್ನು ಸಿರೆಗೆ ಕೂಡಿಸುವ ವಿಧಾನವನ್ನು ಪ್ರಕಟಿಸಿದರು. ಧಮನಿಯ ಒತ್ತಡದಿಂದ ಹಿಗ್ಗಿ ಗಟ್ಟಿಯಾದ ಸಿರೆಯು ವಾರಕ್ಕೆ ಮೂರು ಸಲ ದಪ್ಪ ಸೂಜಿಗಳ ಚುಚ್ಚನ್ನು ತಾಳಿಕೊಳ್ಳುತ್ತಿತ್ತು. ಫಿಸ್ಟುಲವೆಂಬ ಈ ಕೂಡಿಕೆಯನ್ನೇ ವೈದ್ಯರು ಇಂದಿಗೂ ಮೊದಲು ಬಯಸುತ್ತಾರೆ.

ಆದರೆ ಮುಪ್ಪಿನಿಂದಲೋ ಮಧುಮೇಹದಿಂದಲೋ ಸಿರೆಗಳು ಕೆಟ್ಟುಹೋದವರ ಗತಿಯೇನು? ಅಂಥವರಲ್ಲಿ ಕೆಲವರಿಗೆ ಒದಗಿದುದು ಗೋವಿನ ಕೊರಳಿನ ಧಮನಿ. ರೋಗಪೀಡಿತ ಧಮನಿಗಳಿಗೆ ಬದಲಾಗಿ ಬಳಸಲೆಂದು ಅದನ್ನು ಸಂಸ್ಕರಿಸುವ ಮಾರ್ಗವನ್ನು ಅಮೆರಿಕದ ಶಸ್ತ್ರವೈದ್ಯ ನಾರ್ಮನ್ ರೋಸೆನ್‌ಬರ್ಗನೂ ಅವನ ಜೊತೆಗಾರರೂ 1950ರ ದಶಕದಲ್ಲಿಯೇ ಕಂಡುಕೊಂಡಿದ್ದರು. ಅಂಜೂರದ ಹಾಲಿನಿಂದ ದೊರೆಯುವ ಫಿಸಿನ್ ಎಂಬ ಕಿಣ್ವದಲ್ಲಿ ಆ ನಾಳವನ್ನು ನೆನೆಯಿಟ್ಟರೆ, ಮಾನವದೇಹವು ಪರಕೀಯವೆಂದು ಪ್ರತಿಭಟಿಸುವ ಸ್ನಾಯುವೇ ಮೊದಲಾದ ಅಂಶಗಳು ಕರಗಿಹೋಗಿ, ಕೊಲ್ಲಾಜೆನ್ ತಂತುಗಳ ಕೊಳವೆಯೊಂದು ಉಳಿಯುತ್ತದೆ. ಅದನ್ನು ಪಿಷ್ಟಜನ್ಯವಾದ ಆಲ್ಡಿಹೈಡ್ ದ್ರಾವಣದಲ್ಲಿ, ತೊಗಲನ್ನು ಹದಮಾಡುವಂತೆ, ಹದಗೊಳಿಸುತ್ತಿದ್ದರು. 1970ರ ದಶಕದ ಆದಿಯಲ್ಲಿ ಈ ನಾಳವು ಡಯಾಲಿಸಿಸ್ ರೋಗಿಗಳ ತೋಳನ್ನು ಸೇರಿತು. ಚರ್ಮದಡಿಯಲ್ಲಿ ಹುದುಗಿಸಿ, ಒಂದು ತುದಿಯನ್ನು ಧಮನಿಗೂ ಇನ್ನೊಂದನ್ನು ಸಿರೆಗೂ ಹೊಲಿದ ಮೇಲೆ, ಅಂಗೈಯಿಟ್ಟವರಿಗೆ ರಕ್ತಪ್ರವಾಹದ ಝುಮುಝುಮು ಕಂಪನವು ತಿಳಿಯುತ್ತದೆ.

ದೋಷಗಳೂ ಇದ್ದವು: ಕೆಲವೆಡೆ ಗೋಡೆಯು ಉಬ್ಬುತ್ತಿತ್ತು, ಸೋಂಕು ತಗಲುತ್ತಿತ್ತು. ಅದೇ ದಶಕದಲ್ಲಿ ಟೆಫ್ಲಾನ್ ಕುಲದ್ದೇ ಆದ, ಹಿಗ್ಗಿಸಿ ತಯಾರಿಸಿದ ಕೃತಕನಾಳವು ಬಂದು ಬಹುಪಾಲು ಅದರ ಸ್ಥಾನವನ್ನು ಪಡೆಯಿತು. ಆದರೂ ಗೋವಿನ ಧಮನಿಯು ಬಳಕೆಯಿಂದ ಮರೆಯಾಗಿಲ್ಲ.

ಇಷ್ಟೆಲ್ಲ ಸಾಹಸದ ಬಳಿಕವೂ ಸ್ವಂತ ಸಿರೆಗೆ ಸಮಾನವಾದುದು ದೊರೆತಿಲ್ಲವಾದುದರಿಂದ, ಮೂತ್ರಪಿಂಡದ ವ್ಯಾಧಿಯುಳ್ಳವರು ರಕ್ತಪರೀಕ್ಷೆಗೆ ಆದಷ್ಟೂ ಅಂಗೈಯ ಹಿಂಬದಿಯ ಸಿರೆಗಳನ್ನೇ ಕೊಟ್ಟು, ಮುಂದೋಳಿನ ಸಿರೆಗಳನ್ನು ಕಾಪಾಡಿಕೊಳ್ಳಬೇಕೆಂದು ನನ್ನ ವಿನಂತಿ.