ಕೀಲುನೋವು: ಊಟ, ನೀರು, ಮದ್ದು

ಬೆಳಗ್ಗೆ ಎದ್ದಾಗ ಎರಡೂ ಕೈಗಳ ಬೆರಳ ಗಿಣ್ಣು ಊದಿಕೊಂಡು, ಗಂಟೆ ಕಳೆದರೂ ಮುಷ್ಟಿ ಕಟ್ಟಲಾಗುತ್ತಿಲ್ಲವೆ? ವಾರಗಟ್ಟಲೆ ಹೀಗಿದ್ದರೆ ಬರಿಯ ವಾಯು ಎಂದು ಸುಮ್ಮನಿರಬೇಡಿ. ಅದು ಸಂಧಿವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ದೇಹದ ರಕ್ಷಣಾಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಈ ಕಾಯಿಲೆ ಹೆಂಗಸರಲ್ಲೇ ಹೆಚ್ಚು.

ಕಳವಾರದ ಸುತ್ತಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ಕೀಲುನೋವಿಗೆ ಇನ್ನೊಂದು ಕಾರಣವೂ ಉಂಟು: ಕೊಳವೆಬಾವಿ ನೀರಿನ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಇದರ ಮಿತಿ. ಅದನ್ನು ಬಹಳ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಸೊಂಟ, ಕುತ್ತಿಗೆ ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗದು. ಆದ್ದರಿಂದ ರಕ್ತದ ಜೊತೆಗೆ ನೀರನ್ನೂ ಪರೀಕ್ಷೆ ಮಾಡಿಸಿ.

ಊಟಕ್ಕೆ ನಮ್ಮ ರಾಗಿಮುದ್ದೆ, ಸೊಪ್ಪಿನ ಸಾರು, ಅವರೆ, ಹುರುಳಿ, ನೆಲ್ಲಿಕಾಯಿ ಒಳ್ಳೆಯದು. ರಾಗಿ, ಮಜ್ಜಿಗೆಗಳ ಸುಣ್ಣದಂಶ ಎರಡೂ ತೊಂದರೆಗಳಲ್ಲಿ ಮೂಳೆಗೆ ಬಲ. ಮೀನು ತಿನ್ನುವವರಿಗೆ ಊತ ತುಸು ತಗ್ಗಬಹುದು. ನಂಜೆಂದು ಎಲ್ಲರೂ ಬದನೆಕಾಯಿ ಬಿಡಬೇಕಿಲ್ಲ. ತಿಂದಾಗಲೆಲ್ಲ ನೋವು ಹೆಚ್ಚಿದರೆ ಮಾತ್ರ ಬಿಡಿ. ಬೀಡಿ, ಸಿಗರೇಟು ಬಿಡಲೇಬೇಕು. ಬೆಳಗಿನ ಬಿಗಿತಕ್ಕೆ ಬಿಸಿನೀರಿನ ಶಾಖ ಹಿತ.

ಆದರೆ ಪಥ್ಯವೊಂದರಿಂದಲೇ ಸಂಧಿವಾತ ನಿಲ್ಲದು. ಹಾಳಾದ ಕೀಲು ಮೊದಲಿನಂತಾಗದು. ಆದ್ದರಿಂದ ಬೇಗ ವೈದ್ಯರನ್ನು ಕಾಣಿ. ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟರೆ ವಾರಕ್ಕೊಮ್ಮೆ ಮಾತ್ರ ನುಂಗಿ, ದಿನವೂ ಅಲ್ಲ. ಸಂತೆಯ ಹೆಸರಿಲ್ಲದ ಪುಡಿಯಿಂದ ಒಂದೇ ದಿನದಲ್ಲಿ ನೋವು ಮಾಯವಾದರೆ ಹಿಗ್ಗಬೇಡಿ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಆ ಪುಡಿಯನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಬಿಡಿ.